ಗರಿಕೆಯ ಗುಟ್ಟು ನೆಲದ ಕೆಳಗೆ

ಗಣೇಶನ ಹಬ್ಬದ ಬೆಳಿಗ್ಗೆ ಪೂಜೆಗೆ 21 ಗರಿಕೆ ಬೇಕೆಂದು ಮನೆಯ ಮಕ್ಕಳನ್ನು ಅಂಗಳಕ್ಕೆ ಕಳುಹಿಸುತ್ತೀರಿ. ಅವರು ಐದು ನಿಮಿಷದಲ್ಲಿ ಹಿಡಿ ತುಂಬ ತಂದುಕೊಡುತ್ತಾರೆ. ಅದೇ ಗರಿಕೆ ಮುಂದಿನ ವಾರ ಕನಕಾಂಬರದ ಮಡಿಯಲ್ಲಿ ತಲೆಯೆತ್ತಿದರೆ ಕಳೆಯೆಂದು ಕಿತ್ತೆಸೆಯುತ್ತೀರಿ. ಹದಿನೈದು ದಿನ ಕಳೆಯುವುದರೊಳಗಾಗಿ ಅದು ಅದೇ ಜಾಗದಲ್ಲಿ ಮತ್ತೆ ಹಾಜರಾಗುತ್ತದೆ. ಕಿತ್ತಷ್ಟೂ ಬರುವ ಈ ಹುಲ್ಲಿಗೆ ಇಷ್ಟು ಗಟ್ಟಿ ಜೀವ ಎಲ್ಲಿಂದ ಬಂತು ಎಂದು ನೀವು ಎಂದಾದರೂ ಯೋಚಿಸಿದ್ದುಂಟೆ?

ಉತ್ತರ ಮಣ್ಣಿನ ಕೆಳಗಿದೆ. ನಾವು ಕೀಳುವುದು ಎಲೆಯನ್ನು ಮಾತ್ರ. ಹುಲ್ಲಿನ ಮನೆ ಇರುವುದು ಕೆಳಗೆ. ಆ ಮನೆಯನ್ನು ಹುಲ್ಲು ಎಲ್ಲ ಕಡೆಯೂ ಒಂದೇ ರೀತಿಯಲ್ಲಿ ಕಟ್ಟುವುದಿಲ್ಲ ಎಂಬುದೇ ಇಲ್ಲಿನ ಸ್ವಾರಸ್ಯ. ತುಳಿದ ಹಾದಿಯಲ್ಲಿ ಒಂದು ಬಗೆ, ಉತ್ತ ಹೊಲದಲ್ಲಿ ಇನ್ನೊಂದು ಬಗೆ. ಕೆರೆಯ ಕೆಸರಿನಲ್ಲಿ ಒಂದು ಕ್ರಮ, ಕಡಲತೀರದ ಮರಳಿನಲ್ಲಿ ಮತ್ತೊಂದು ಕ್ರಮ. ಈ ಕ್ರಮಗಳನ್ನು ತಿಳಿದುಕೊಂಡರೆ ಬೇಡದ ಕಡೆ ಹುಲ್ಲನ್ನು ತೆಗೆಯುವ ದಾರಿಯೂ, ಬೇಕಾದ ಕಡೆ ಅದನ್ನು ಉಳಿಸಿಕೊಳ್ಳುವ ದಾರಿಯೂ ತಾನಾಗಿ ತಿಳಿಯುತ್ತವೆ.

ಮೊದಲಿಗೆ ಒಂದು ಚಿಕ್ಕ ಪರೀಕ್ಷೆ ಮಾಡಿ. ಅಡಿಗೆಮನೆಯಲ್ಲಿರುವ ಹಸಿ ಶುಂಠಿಯ ಒಂದು ತುಂಡನ್ನು ಕೈಗೆ ತೆಗೆದುಕೊಳ್ಳಿ. ಅದರ ಮೈಮೇಲೆ ಬಳೆ ತೊಡಿಸಿದಂತೆ ಗೆರೆಗಳಿವೆ. ಅಲ್ಲಲ್ಲಿ ಮೊಳಕೆಯ ಕಣ್ಣುಗಳಿವೆ. ಬೇರಿಗೆ ಇಂಥ ಗೆಣ್ಣೂ ಇಲ್ಲ, ಕಣ್ಣೂ ಇಲ್ಲ. ಆದುದರಿಂದ ಮಣ್ಣಿನೊಳಗೆ ಬೆಳೆದರೂ ಶುಂಠಿ ಬೇರಲ್ಲ, ಕಾಂಡ. ಅರಿಸಿನವೂ ಹಾಗೆಯೇ. ಇಂಥದನ್ನು ಸಸ್ಯಶಾಸ್ತ್ರದಲ್ಲಿ ಗುಪ್ತಕಾಂಡವೆನ್ನುತ್ತಾರೆ. ಈಗ ಅಂಗಳದ ಮೂಲೆಯಲ್ಲಿ ಗುದ್ದಲಿಯಿಂದ ಒಂದು ಗೇಣು ಅಗೆದು ಗರಿಕೆಯನ್ನು ಇಡಿಯಾಗಿ ಎತ್ತಿ ನೋಡಿ. ಕೂದಲಿನಂಥ ಬೇರುಗಳ ನಡುವೆ ಬೆಳ್ಳಗೆ, ಗಟ್ಟಿಯಾಗಿ, ಗೆಣ್ಣುಗೆಣ್ಣಾಗಿ ಒಂದು ದಾರ ಅಡ್ಡಡ್ಡ ಸಾಗಿರುತ್ತದೆ. ಅದೇ ಗರಿಕೆಯ ಗುಪ್ತಕಾಂಡ. ಪ್ರತಿ ಗೆಣ್ಣಿನಲ್ಲಿಯೂ ಒಂದು ಕಣ್ಣು. ಪ್ರತಿ ಕಣ್ಣೂ ಮುಂದೆ ಒಂದು ಗಿಡವಾಗಬಲ್ಲುದು.

ಗರಿಕೆಗೆ ಇದೊಂದೇ ಅಲ್ಲ, ಎರಡನೆಯ ಸಾಧನವೂ ಉಂಟು. ನೆಲದ ಮೇಲೆ ಹರಿದಾಡುವ ಹಸಿರು ಬಳ್ಳಿಯಂಥ ಕಾಂಡವನ್ನು ನೀವು ಕಂಡೇ ಇದ್ದೀರಿ. ಇದು ಹಬ್ಬುಕಾಂಡ. ಹೋದ ಹೋದಲ್ಲಿ ಗೆಣ್ಣಿನಿಂದ ಬೇರು ಇಳಿಸಿ ಹೊಸ ಸಂಸಾರ ಹೂಡುತ್ತದೆ. ಒಂದು ನೆಲದ ಮೇಲೆ, ಇನ್ನೊಂದು ನೆಲದ ಒಳಗೆ. ಹೀಗೆ ಎರಡು ಹಾದಿಗಳಲ್ಲಿ ಗರಿಕೆ ಒಟ್ಟಿಗೆ ಸಾಗುತ್ತದೆ. ಇವೆರಡೂ ಬೇರೆ ಬೇರೆ ಜಾತಿಯ ಅಂಗಗಳೆಂದು ಭಾವಿಸಬೇಡಿ. ಹಬ್ಬುಕಾಂಡದ ಮೇಲೆ ಮಣ್ಣು ಮುಚ್ಚಿಕೊಂಡರೆ ಅದು ಬಣ್ಣ ಕಳೆದುಕೊಂಡು ಗುಪ್ತಕಾಂಡದಂತೆ ನಡೆಯತೊಡಗುತ್ತದೆ. ಒಳಗಿನ ಕಾಂಡದ ತುದಿಗೆ ಬೆಳಕು ತಾಗಿದರೆ ಅದು ಹಸಿರೇರಿ ಎಲೆ ಬಿಡುತ್ತದೆ. ಒಂದೇ ಕಾಂಡ ಇದ್ದ ಸ್ಥಳಕ್ಕೆ ತಕ್ಕಂತೆ ವೇಷ ಬದಲಿಸುತ್ತದೆ.

ಮೂರು ಜಾಗಗಳಲ್ಲಿ ಇದನ್ನು ನೀವೇ ನೋಡಬಹುದು. ಶಾಲೆಯ ಆಟದ ಬಯಲಿನಲ್ಲಿ ಮಕ್ಕಳ ಕಾಲಿಗೆ ಸಿಕ್ಕಿ ನೆಲ ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಅಲ್ಲಿ ಒಳಕ್ಕೆ ತೂರುವುದು ಕಷ್ಟ. ಆದ್ದರಿಂದ ಗರಿಕೆ ಹೆಚ್ಚಾಗಿ ಮೇಲೆಯೇ ಹರಡಿ ಚಾಪೆಯಂತೆ ಹೆಣೆದುಕೊಳ್ಳುತ್ತದೆ. ಅಗೆದು ಗೊಬ್ಬರ ಹಾಕಿದ ಹೂವಿನ ಮಡಿಯಲ್ಲಾದರೆ ಕತೆ ಬೇರೆ. ಅಲ್ಲಿ ಮಣ್ಣು ಸಡಿಲ. ಗುಪ್ತಕಾಂಡ ದಪ್ಪವಾಗಿ, ಉದ್ದವಾಗಿ ಒಳಗೆ ಓಡುತ್ತದೆ. ಸಾಮಾನ್ಯವಾಗಿ ಅದು ಮೇಲಿನ ಅರ್ಧ ಅಡಿ ಮಣ್ಣಿನೊಳಗೇ ಇರುತ್ತದೆಯಾದರೂ ಸಡಿಲವಾದ ಮರಳುಮಣ್ಣಿನಲ್ಲಿ ಇನ್ನೂ ಆಳಕ್ಕೆ ಇಳಿಯುವುದುಂಟು. ಮೂರನೆಯ ಜಾಗ ಮಾವಿನ ಮರದ ದಟ್ಟ ನೆರಳು. ಅಲ್ಲಿ ಗರಿಕೆ ಬಡಕಲಾಗಿ, ವಿರಳವಾಗಿ, ಬೆಳಕಿನತ್ತ ಕತ್ತು ಚಾಚಿ ನಿಂತಿರುತ್ತದೆ. ಒಳಗಿನ ಕಾಂಡಕ್ಕೆ ಹಾಕಲು ಅದರ ಬಳಿ ಬಂಡವಾಳವೇ ಇರುವುದಿಲ್ಲ. ಬಿಸಿಲೇ ಗರಿಕೆಯ ಸಂಪಾದನೆ, ನೆರಳೇ ಅದರ ಬಡತನ. ಈ ಮಾತನ್ನು ನೆನಪಿನಲ್ಲಿಡಿ. ಮುಂದೆ ಕೆಲಸಕ್ಕೆ ಬರುತ್ತದೆ.

ಸಂಪಾದನೆ ಎಂದೆ. ನಿಜಕ್ಕೂ ಗುಪ್ತಕಾಂಡವೊಂದು ಕಣಜ. ಎಲೆಗಳು ಬಿಸಿಲಿನಲ್ಲಿ ತಯಾರಿಸಿದ ಆಹಾರದಲ್ಲಿ ಒಂದು ಪಾಲು ಕೆಳಗಿಳಿದು ಪಿಷ್ಟವಾಗಿ ಅಲ್ಲಿ ಸಂಗ್ರಹವಾಗುತ್ತದೆ. ದನ ಮೇಯ್ದರೂ, ಬರ ಬಂದರೂ, ಉತ್ತರ ಹಿಂದೂಸ್ಥಾನದ ಚಳಿಯಲ್ಲಿ ಎಲೆಗಳೆಲ್ಲ ಕಂದಿ ಒಣಗಿದರೂ, ಈ ಕಣಜದಿಂದ ಹುಲ್ಲು ಮತ್ತೆ ಚಿಗುರುತ್ತದೆ. ಅಷ್ಟೇ ಅಲ್ಲ, ಒಂದೇ ಕಾಂಡಕ್ಕೆ ಸೇರಿದ ಚಿಗುರುಗಳು ಕೂಡುಕುಟುಂಬದಂತೆ ಇರುತ್ತವೆ. ನೀರಿರುವ ಕಡೆ ಬೇರೂರಿದ ಗೆಣ್ಣು ಒಣ ನೆಲಕ್ಕೆ ಹೋದ ಗೆಣ್ಣಿಗೆ ನೀರು ಕಳುಹಿಸುತ್ತದೆ. ಬಿಸಿಲಿನಲ್ಲಿರುವ ಚಿಗುರು ನೆರಳಿನಲ್ಲಿರುವ ಎಳೆಯ ಚಿಗುರಿಗೆ ಆಹಾರ ಒದಗಿಸುತ್ತದೆ. ಕಾಂಕ್ರೀಟಿನ ಹಾದಿಯ ಅಂಚಿನಿಂದ ಹೊರಟು ಬರಿಯ ಕಲ್ಲಿನ ಮೇಲೆ ಒಂದು ಮೊಳ ಹರಿದ ಗರಿಕೆ ಒಣಗದೆ ಇರುವುದು ಇದರಿಂದಲೇ.

ಇದನ್ನು ತಿಳಿಯದೆ ನಾನೊಮ್ಮೆ ಮೋಸಹೋದೆ. ಮನೆಯ ಹಿಂದಿನ ತರಕಾರಿ ಮಡಿಗೆ ಗರಿಕೆ ನುಗ್ಗಿತ್ತು. ಮಳೆ ಬಿದ್ದು ಮಣ್ಣು ಮೆದುವಾಗಿದ್ದಾಗ ಉತ್ಸಾಹದಿಂದ ಗುದ್ದಲಿ ಹಿಡಿದು ಇಡೀ ಮಡಿಯನ್ನು ಕೊಚ್ಚಿ ಸಮ ಮಾಡಿದೆ. ಗರಿಕೆ ಪುಡಿಪುಡಿಯಾಯಿತೆಂದು ಸಂತೋಷಪಟ್ಟೆ. ಒಂದು ತಿಂಗಳಿಗೆ ಮಡಿಯ ಒಂದು ಮೂಲೆಯಲ್ಲಿದ್ದ ಹುಲ್ಲು ಇಡೀ ಮಡಿಯಾಯಿತು! ನಮ್ಮ ರೈತರು ಕಬ್ಬನ್ನು ಹೇಗೆ ನೆಡುತ್ತಾರೆಂಬುದನ್ನು ನೆನೆದುಕೊಂಡಿದ್ದರೆ ಈ ತಪ್ಪು ಆಗುತ್ತಿರಲಿಲ್ಲ. ಕಬ್ಬೂ ಒಂದು ಹುಲ್ಲೇ. ಕಣ್ಣಿರುವ ತುಂಡುಗಳಾಗಿ ಕತ್ತರಿಸಿ, ಒದ್ದೆ ಮಣ್ಣಿನಲ್ಲಿ ಹೂತು, ನೀರು ಕೊಡುತ್ತಾರೆ. ನಾನು ಗರಿಕೆಗೆ ಮಾಡಿದ್ದೂ ಅಚ್ಚುಕಟ್ಟಾಗಿ ಅದೇ ಸೇವೆ.

ಹೊಲದಲ್ಲಿಯೂ ಹೀಗೆಯೇ ಆಗುತ್ತದೆ. ಮಳೆಗಾಲದಲ್ಲಿ ನೇಗಿಲು ಹೊಡೆದರೆ ಗರಿಕೆಯ ತುಂಡುಗಳು ಹೊಲವೆಲ್ಲ ಹರಡಿ ಬೇರು ಬಿಡುತ್ತವೆ. ಇಂದಿನ ಟ್ರ್ಯಾಕ್ಟರಿನ ರೋಟವೇಟರಂತೂ ಈ ಕೆಲಸವನ್ನು ಇನ್ನೂ ಚುರುಕಾಗಿ ಮಾಡಿಕೊಡುತ್ತದೆ. ಆದರೆ ಅದೇ ಉಳುಮೆಯನ್ನು ಬೇಸಿಗೆಯಲ್ಲಿ ಮಾಡಿದರೆ ಫಲ ತಲೆಕೆಳಗಾಗುತ್ತದೆ. ಕಾಂಡಗಳು ಹೆಂಟೆಯ ಜೊತೆಗೆ ಮೇಲೆ ಬಂದು ಬಿಸಿಲಿಗೆ ಬೀಳುತ್ತವೆ; ತೇವವಿಲ್ಲದೆ ಬತ್ತಿ ಕಣ್ಣು ಸಾಯುತ್ತದೆ. ಆಮೇಲೆ ಹಲುಬೆ ಎಳೆದು ಉಳಿದುದನ್ನು ಒಟ್ಟುಮಾಡಿ ತೆಗೆಯುತ್ತಾರೆ. ಕೆಲಸ ಒಂದೇ, ಕಾಲ ಮಾತ್ರ ಬೇರೆ. ಒಂದು ಕಾಲದಲ್ಲಿ ಅದು ಬಿತ್ತನೆ, ಇನ್ನೊಂದು ಕಾಲದಲ್ಲಿ ನಿರ್ಮೂಲನ.

ಇನ್ನು ತೋಟದ ಮತ್ತೊಬ್ಬ ಹಠವಾದಿಯ ಕಡೆಗೆ ಬರೋಣ. ಗ್ರಂಥಿಗೆ ಅಂಗಡಿಯಲ್ಲಿ ಭದ್ರಮುಷ್ಟಿ ಎಂಬ ಹೆಸರಿನಲ್ಲಿ ಸಿಗುವ ಕಪ್ಪು ಗೆಡ್ಡೆಯನ್ನು ನೀವು ಬಲ್ಲಿರಿ. ಇದರ ಗಿಡವೇ ತುಂಗೆ, ಕೊನ್ನಾರಿಗೆಡ್ಡೆಯೆಂದೂ ಹೇಳುವುದುಂಟು. ಶಾಸ್ತ್ರದ ಪ್ರಕಾರ ಇದು ಹುಲ್ಲಲ್ಲ, ಹುಲ್ಲಿನ ದಾಯಾದಿ. ಇದರ ದಂಟನ್ನು ಬೆರಳುಗಳ ನಡುವೆ ಹೊರಳಿಸಿದರೆ ಮೂರು ಮೂಲೆಗಳು ತಾಗುತ್ತವೆ. ಇದರ ನೆಲದಡಿಯ ವ್ಯವಸ್ಥೆ ಗರಿಕೆಯದಕ್ಕಿಂತ ಜಾಣತನದ್ದು. ತೆಳ್ಳನೆಯ ದಾರ, ಅದರ ತುದಿಗೊಂದು ಗೆಡ್ಡೆ, ಅಲ್ಲಿಂದ ಮತ್ತೆ ದಾರ, ಮತ್ತೆ ಗೆಡ್ಡೆ. ಹೀಗೆ ಮಣಿ ಪೋಣಿಸಿದ ಸರದಂತೆ ಸಾಗುತ್ತದೆ. ಮೇಲೆ ಕಾಣುವ ಗಿಡವನ್ನು ಎಳೆದರೆ ದಾರ ಕಡಿದು ಬರುತ್ತದೆ, ಗೆಡ್ಡೆ ಒಳಗೇ ಉಳಿಯುತ್ತದೆ. ಸರ ಇಡಿಯಾಗಿರುವವರೆಗೆ ಹಿಂದಿನ ಗೆಡ್ಡೆಗಳು ಹೆಚ್ಚಾಗಿ ನಿದ್ರೆಯಲ್ಲಿರುತ್ತವೆ. ಸರ ಕಡಿದೊಡನೆ ಎಚ್ಚತ್ತು ಒಂದೊಂದೂ ಮೊಳೆಯುತ್ತವೆ. ಒಂದು ಗಿಡ ಕಿತ್ತ ಕಡೆ ನಾಲ್ಕು ಏಳುವುದು ಮಾಟವಲ್ಲ, ಈ ಏರ್ಪಾಡು. ಜಗತ್ತಿನ ಅತಿ ಕೆಟ್ಟ ಕಳೆಗಳನ್ನು ಕುರಿತು 1977ರಲ್ಲಿ ಪ್ರಕಟವಾದ ಹೆಸರಾಂತ ಗ್ರಂಥವೊಂದರಲ್ಲಿ ತುಂಗೆಗೆ ಮೊದಲ ಸ್ಥಾನ ಕೊಟ್ಟಿರುವುದು ಸುಮ್ಮನೆ ಅಲ್ಲ. ಆದರೂ ಗರಿಕೆಯಂತೆ ಇದಕ್ಕೂ ದಟ್ಟ ನೆರಳೆಂದರೆ ಆಗದು.

ಬೆಂಕಿ ಬೀಳುವ ಗುಡ್ಡಗಳಿಗೆ ಹೋದರೆ ಅಲ್ಲಿ ಹುಲ್ಲಿನ ಇನ್ನೊಂದು ಉಪಾಯ ಕಾಣುತ್ತದೆ. ದರ್ಭೆಯೆಂದು ಕರೆಯುವ ಹುಲ್ಲುಗಳಲ್ಲಿ ಒಂದಕ್ಕೆ ಬೆಳ್ಳಿಯ ಬಣ್ಣದ, ರೇಷ್ಮೆಯಂಥ ತೆನೆ ಇರುತ್ತದೆ. ಇಂಪೆರಾಟಾ ಎಂಬುದು ಇದರ ಶಾಸ್ತ್ರೀಯ ನಾಮ. ಇದರ ಗುಪ್ತಕಾಂಡದ ತುದಿ ಸೂಜಿಯಷ್ಟು ಚೂಪು. ಬೇರೆ ಗಿಡಗಳ ಬೇರನ್ನೂ ಗೆಡ್ಡೆಯನ್ನೂ ಚುಚ್ಚಿಕೊಂಡು ಹೋಗಬಲ್ಲುದು. ಕಾಳ್ಗಿಚ್ಚು ಬಂದಾಗ ಮಣ್ಣಿನ ಮೇಲಿನ ಒಂದೆರಡು ಅಂಗುಲ ಮಾತ್ರ ಕಾಯುತ್ತದೆ. ಅದಕ್ಕೂ ಕೆಳಗಿರುವ ಕಾಂಡ ತಣ್ಣಗೆ ಮಲಗಿರುತ್ತದೆ. ಪೈಪೋಟಿಯ ಗಿಡಗಳೆಲ್ಲ ಸುಟ್ಟುಹೋದ ಬಯಲಿನಲ್ಲಿ ಮೊದಲು ಹಸಿರಾಗುವುದು ಇದೇ. ಆದುದರಿಂದ ಈ ಹುಲ್ಲನ್ನು ಸುಟ್ಟು ತೆಗೆಯುತ್ತೇನೆಂದು ಹೊರಟರೆ ಅದಕ್ಕೆ ಉಪಕಾರ ಮಾಡಿದಂತೆ. ಇಂಡೊನೇಷ್ಯದಲ್ಲಿ ಅಲಂಗ್-ಅಲಂಗ್ ಎಂದು ಕರೆಯುವುದು ಇದನ್ನೇ. ಕಾಡು ಕಡಿದು ಮತ್ತೆ ಮತ್ತೆ ಸುಟ್ಟ ನೆಲಗಳನ್ನು ಅದು ಅಲ್ಲಿ ವಿಶಾಲವಾಗಿ ಆಕ್ರಮಿಸಿತು. ಬೆಂಕಿಯನ್ನು ತಡೆದು, ಬೇಗ ನೆರಳು ಕೊಡುವ ಮರಗಳನ್ನು ಬೆಳೆಸಿದರೆ ಮಾತ್ರ ಅದು ಹಿಂದೆಗೆಯುತ್ತದೆ.

ಬೆಂಕಿಯಿಂದ ನೀರಿಗೆ ಇಳಿಯೋಣ. ಕೆರೆಯ ಅಂಚಿನಲ್ಲಿ ಆಳೆತ್ತರವನ್ನು ಮೀರಿ ಬೆಳೆಯುವ ದೊಡ್ಡ ಜೊಂಡುಹುಲ್ಲು, ಅಂದರೆ ಫ್ರಾಗ್ಮೈಟಿಸ್, ತನ್ನ ದಪ್ಪ ಗುಪ್ತಕಾಂಡವನ್ನು ಕೆಸರಿನಲ್ಲಿ ಹರಡುತ್ತದೆ. ಅಲ್ಲಿ ಆಹಾರಕ್ಕೆ ಕೊರತೆಯಿಲ್ಲ, ಗಾಳಿಗೆ ಕೊರತೆ. ನೀರು ನಿಂತ ಕೆಸರಿನಲ್ಲಿ ಆಮ್ಲಜನಕ ಇಲ್ಲವೆಂದರೂ ಸರಿ. ಆದ್ದರಿಂದ ಈ ಕಾಂಡದ ಒಳಗೆಲ್ಲ ಟೊಳ್ಳು ಕೊಳವೆಗಳಿವೆ. ಮೇಲಿನ ಹಸಿರು ದಂಟುಗಳಿಂದ ಗಾಳಿ ಕೆಳಗಿಳಿದು, ಕಾಂಡದ ಕೊಳವೆಗಳಲ್ಲಿ ಸಾಗಿ, ಹಳೆಯ ಒಣ ದಂಟುಗಳ ಮೂಲಕ ಹೊರಬೀಳುತ್ತದೆ. ಮನೆಯಲ್ಲಿ ಒಂದು ಕಿಟಕಿಯಿಂದ ಬಂದ ಗಾಳಿ ಎದುರಿನ ಕಿಟಕಿಯಿಂದ ಹೋಗುವ ಹಾಗೆ. ಸತ್ತಂತೆ ಕಾಣುವ ಒಣ ದಂಟೂ ಇಲ್ಲಿ ಸಂಸಾರಕ್ಕೆ ಉಪಯೋಗವಾಗುತ್ತದೆ.

ಇವೆಲ್ಲಕ್ಕಿಂತ ಕಷ್ಟದ ನೆಲ ಕಡಲತೀರದ ಮರಳು. ಇಂದು ಇದ್ದ ದಿಬ್ಬ ನಾಳೆ ಇಲ್ಲ. ಗಾಳಿ ಬೀಸಿದರೆ ಗಿಡ ಮುಚ್ಚಿಹೋಗುತ್ತದೆ. ನಮ್ಮ ದಕ್ಷಿಣದ ಕರಾವಳಿಗಳಲ್ಲಿ ರಾವಣನ ಮೀಸೆಯೆಂದು ಕರೆಯುವ ಚೂಪು ಎಲೆಯ ಹುಲ್ಲೊಂದುಂಟು. ಅದು ಮರಳಿನ ಮೇಲೆ ಉದ್ದುದ್ದ ಹಗ್ಗಗಳಂತೆ ಹರಿದು, ಗೆಣ್ಣುಗೆಣ್ಣಿಗೂ ಬೇರು ಬಿಡುತ್ತದೆ. ಮರಳು ಮುಚ್ಚಿದರೆ ಮೇಲಕ್ಕೆದ್ದು ಮತ್ತೆ ಹರಿಯುತ್ತದೆ. ಅದರ ಎಲೆಗಳ ನಡುವೆ ಗಾಳಿಯ ವೇಗ ತಗ್ಗಿ, ಹಾರುವ ಮರಳು ಅಲ್ಲಿಯೇ ಕೆಳಗೆ ಬೀಳುತ್ತದೆ. ಹೀಗೆ ಹುಲ್ಲು ದಿಬ್ಬವನ್ನು ಕಟ್ಟುತ್ತದೆ, ದಿಬ್ಬ ಹಿಂದಿನ ಊರನ್ನು ಕಾಯುತ್ತದೆ.

ಯೂರೋಪಿನ ತೀರಗಳಲ್ಲಿ ಇದೇ ಕೆಲಸವನ್ನು ಮಾರಮ್ ಎಂಬ ಹುಲ್ಲು ಮಾಡುತ್ತದೆ. ವರ್ಷಕ್ಕೆ ಸುಮಾರು ಮೂರು ಅಡಿ ಮರಳು ಬಿದ್ದರೂ ಅದರ ಗುಪ್ತಕಾಂಡ ಅಡ್ಡಹೋಗುವುದನ್ನು ಬಿಟ್ಟು ನೆಟ್ಟಗೆ ಮೇಲಕ್ಕೆ ಏರಿ ಬರುತ್ತದೆ. ವಿಚಿತ್ರವೆಂದರೆ, ಮರಳು ಬೀಳುವುದು ನಿಂತರೆ ಈ ಹುಲ್ಲು ಸೊರಗುತ್ತದೆ. ಕಾರಣವೇನೆಂದು ಬಹುಕಾಲ ಚರ್ಚೆ ನಡೆಯಿತು. 1993ರಲ್ಲಿ ನೆದರ್ಲೆಂಡ್ಸಿನ ವಾನ್ ಡೆರ್ ಪುಟೆನ್ ಮತ್ತು ಅವರ ಸಂಗಡಿಗರು ಒಂದು ಮುಖ್ಯ ಕಾರಣವನ್ನು ತೋರಿಸಿಕೊಟ್ಟರು: ಹಳೆಯ ಬೇರುಗಳ ಸುತ್ತಿನ ಮಣ್ಣಿನಲ್ಲಿ ಆ ಹುಲ್ಲಿಗೆ ರೋಗ ತರುವ ಜೀವಿಗಳು ಕೂಡಿಕೊಳ್ಳುತ್ತವೆ. ಹೊಸದಾಗಿ ಬಿದ್ದ ಮರಳಿನಲ್ಲಿ ಅವು ಇನ್ನೂ ಸೇರಿರುವುದಿಲ್ಲ. ಹುಲ್ಲು ಮೇಲೇರುವುದೆಂದರೆ ರೋಗದ ಮನೆಯನ್ನು ಬಿಟ್ಟು ಶುಚಿಯಾದ ಮನೆಗೆ ವಲಸೆ ಹೋದಂತೆ.

ಈ ಹುಲ್ಲನ್ನು ಕಿತ್ತರೆ ಏನಾಗುತ್ತದೆ? ಸ್ಕಾಟ್ಲೆಂಡಿನ ಕಲ್ಬಿನ್ ಎಂಬ ಸ್ಥಳದ ಕತೆಯನ್ನು ಕೇಳಿ. ಅಲ್ಲಿನ ಜನ ಮನೆಯ ಸೂರಿಗೆ ಹೊದಿಸಲು ಮರಳುಗುಡ್ಡಗಳ ಹುಲ್ಲನ್ನು ಕಿತ್ತು ತರುತ್ತಿದ್ದರು. 1694ರಲ್ಲಿ ಬಿರುಗಾಳಿ ಎದ್ದು, ಹಿಡಿತ ತಪ್ಪಿದ ಮರಳು ಹೊಲಮನೆಗಳ ಮೇಲೆ ಬಂದು ಕುಳಿತಿತು. ಫಲವತ್ತಾದ ಒಂದು ಜಹಗೀರೇ ಮರಳುಗಾಡಾಯಿತು. ಮರುವರ್ಷ, ಎಂದರೆ 1695ರಲ್ಲಿ, ಅಲ್ಲಿನ ಪಾರ್ಲಿಮೆಂಟು ಮರಳುದಿಬ್ಬಗಳ ಹುಲ್ಲನ್ನು ಕೀಳಕೂಡದೆಂದು ಶಾಸನ ಮಾಡಿತು. ಒಂದು ಹುಲ್ಲಿನ ನೆಲದಡಿಯ ಕಾಂಡಕ್ಕಾಗಿ ಒಂದು ದೇಶ ಕಾನೂನು ಮಾಡಬೇಕಾಯಿತು! ನಮ್ಮ ಕಡಲತೀರದಲ್ಲಿ ವಿಹಾರಕ್ಕೆ ಹೋದಾಗ ಮುಳ್ಳುಹುಲ್ಲು ಕಾಲಿಗೆ ಚುಚ್ಚುತ್ತದೆಂದು ಅದನ್ನು ಕಿತ್ತು ಸಮತಟ್ಟು ಮಾಡಿಸಬೇಕೆನ್ನುವವರು ಈ ಸಂಗತಿಯನ್ನು ಮರೆಯಬಾರದು.

ಹುಲ್ಲುಗಳಲ್ಲಿ ಹಿರಿಯಣ್ಣ ಬಿದಿರು. ನಮ್ಮ ಮಲೆನಾಡಿನ ಹೆಬ್ಬಿದಿರು ಮೆಳೆಗಟ್ಟಿ ಬೆಳೆಯುವುದನ್ನು ನೀವು ನೋಡಿದ್ದೀರಿ. ಅದರ ಗುಪ್ತಕಾಂಡ ಮೋಟು, ದಪ್ಪ. ಸ್ವಲ್ಪ ದೂರ ಹೋಗುವುದರೊಳಗೆ ಮೇಲಕ್ಕೆ ತಿರುಗಿ ಗಳುವಾಗುತ್ತದೆ. ಚೀನ ಜಪಾನುಗಳ ಅನೇಕ ಬಿದಿರುಗಳು ಹಾಗಲ್ಲ; ಉದ್ದವಾದ ಕಾಂಡ ನೆಲದೊಳಗೆ ವರ್ಷ ವರ್ಷವೂ ಮುಂದೆ ಓಡುತ್ತ, ಪಕ್ಕದ ಕಣ್ಣುಗಳಿಂದ ದೂರದೂರಕ್ಕೆ ಗಳುಗಳನ್ನು ಎಬ್ಬಿಸುತ್ತದೆ. ಜಪಾನಿನಲ್ಲಿ ಆರೈಕೆ ತಪ್ಪಿದ ಬಿದಿರುತೋಪುಗಳು ಪಕ್ಕದ ಕಾಡಿಗೆ ನುಗ್ಗಿರುವುದು ಈ ಗುಣದಿಂದಲೇ. ಮನೆಯ ಹಿತ್ತಿಲಿನಲ್ಲಿ ಬಿದಿರು ನೆಡುವ ಮುನ್ನ ಅದು ಕೂರುವ ಜಾತಿಯೋ ಓಡುವ ಜಾತಿಯೋ ಎಂದು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು; ನೆರೆಮನೆಯವರೊಡನೆ ಸ್ನೇಹ ಉಳಿಯುತ್ತದೆ. ಕೂರುವ ಹುಲ್ಲಿನ ಉಪಯೋಗಕ್ಕೆ ಲಾವಂಚವೇ ಸಾಕ್ಷಿ. ಅದು ಹರಿದು ಹೋಗದೆ ಇದ್ದಲ್ಲೇ ದಟ್ಟವಾಗಿ ಬೆಳೆದು, ಬೇರನ್ನು ಆಳಕ್ಕೆ ಇಳಿಸುವುದರಿಂದ, ಗುಂಡ್ಲುಪೇಟೆಯ ಕಡೆಯ ರೈತರು ಬಹುಕಾಲದಿಂದ ಅದನ್ನು ಹೊಲದ ಎಲ್ಲೆಗೆ ನೆಡುತ್ತ ಬಂದಿದ್ದಾರೆ. ಬದುವನ್ನು ಹಿಡಿಯುತ್ತದೆ, ಹೊಲಕ್ಕೆ ನುಗ್ಗುವುದಿಲ್ಲ.

ಹೀಗೆ ಕೂರುವುದು ಮತ್ತು ಓಡುವುದು ಎಂಬ ಎರಡು ನೀತಿಗಳಿಗೆ ವಿಜ್ಞಾನಿಗಳು ಯುದ್ಧಶಾಸ್ತ್ರದಿಂದ ಹೆಸರು ತಂದಿದ್ದಾರೆ. 1981ರಲ್ಲಿ ಲೊವೆಟ್ ಡೌಸ್ಟ್ ಎಂಬಾಕೆ ಬರೆದ ಲೇಖನದಿಂದ ಈ ಹೆಸರುಗಳು ಪ್ರಸಿದ್ಧವಾದವು. ಭುಜಕ್ಕೆ ಭುಜ ಸೇರಿಸಿ ನಿಂತ ಸಾಲುದಂಡು ಒಂದು. ಅಲ್ಲೊಬ್ಬ ಇಲ್ಲೊಬ್ಬನಾಗಿ ನುಸುಳುವ ಗೆರಿಲ್ಲಾ ಪಡೆ ಇನ್ನೊಂದು. ದಂಡಿನಂತೆ ನಿಂತ ಹುಲ್ಲು ತನ್ನ ಜಾಗವನ್ನು ಬಿಟ್ಟುಕೊಡುವುದಿಲ್ಲ. ನುಸುಳುವ ಹುಲ್ಲು ಹೊಸ ಜಾಗವನ್ನು ಬೇಗ ಕಂಡುಕೊಳ್ಳುತ್ತದೆ. ಅನೇಕ ಹುಲ್ಲುಗಳು ಎರಡರ ನಡುವೆ ಎಲ್ಲೋ ನಿಂತು, ನೆಲ ಹೇಗಿದೆಯೋ ಹಾಗೆ ಅತ್ತಿತ್ತ ವಾಲುತ್ತವೆ. ನಮ್ಮ ಅಂಗಳದ ಗರಿಕೆ ಬಯಲಿನಲ್ಲಿ ಚಾಪೆಯಾಗಿ, ಮಡಿಯಲ್ಲಿ ದಾರವಾಗಿ ಇರುವುದು ಇದೇ ಕ್ರಮದಿಂದ.

ಇಷ್ಟು ತಿಳಿದ ಮೇಲೆ ನೀವು ಮಾಡಬೇಕಾದುದೇನು? ಮಡಿಯಲ್ಲಿ ಗರಿಕೆ ಬಂದರೆ ಎಲೆಯನ್ನು ಎಳೆಯಬೇಡಿ. ಮಣ್ಣು ಒಣಗಿರುವ ಬಿಸಿಲ ದಿನಗಳಲ್ಲಿ ಗೇಣುದ್ದ ಅಗೆದು, ಬಿಳಿಯ ಕಾಂಡವನ್ನು ತುಂಡಾಗದಂತೆ ಎತ್ತಿ, ಕಲ್ಲಿನ ಮೇಲೆ ಚೆನ್ನಾಗಿ ಒಣಗಲು ಹಾಕಿ. ಹಸಿಯಾಗಿ ಗೊಬ್ಬರದ ಗುಂಡಿಗೆ ಎಸೆಯಬೇಡಿ. ತುಂಗೆಯಾದರೆ ಗೆಡ್ಡೆಯ ಸರ ಸಿಗುವವರೆಗೆ ಮಣ್ಣು ಜಾಲಾಡಿ. ತೆರವಾದ ನೆಲವನ್ನು ಬಿಸಿಲಿಗೆ ಬಿಡದೆ ಅವರೆ, ಕುಂಬಳ, ಗೆಣಸಿನಂಥ ಹಬ್ಬುವ ಬೆಳೆ ಹಾಕಿ ನೆರಳು ಮಾಡಿ. ಹಾಗೆಯೇ, ಮಳೆಯ ನೀರು ಕೊರೆಯುವ ಇಳಿಜಾರು ಅಂಗಳದಲ್ಲಿ, ಕೆರೆಯ ಏರಿಯ ಮೇಲೆ, ಚರಂಡಿಯ ದಡದಲ್ಲಿ ಗರಿಕೆ ಬೆಳೆದಿದ್ದರೆ ಅದನ್ನು ಬಿಟ್ಟುಬಿಡಿ. ಅಲ್ಲಿ ಅದು ಕಳೆಯಲ್ಲ, ಕಾವಲುಗಾರ.

ಮುಂದಿನ ಹಬ್ಬಕ್ಕೆ ಮಕ್ಕಳು ಗರಿಕೆ ತರಲು ಹೊರಟಾಗ ಅವರ ಕೈಗೊಂದು ಚಿಕ್ಕ ಗುದ್ದಲಿಯನ್ನೂ ಕೊಡಿ. ದೇವರಿಗೆ 21 ಗರಿಕೆ ಬಿಡಿಸಿದ ಮೇಲೆ ಒಂದು ಹಿಡಿ ಮಣ್ಣನ್ನು ಅಗೆದು ನೋಡಲಿ. ಗೆಣ್ಣೆಷ್ಟು, ಕಣ್ಣೆಷ್ಟು, ಕಾಂಡ ಯಾವ ಕಡೆಗೆ ಹೊರಟಿದೆ ಎಂದು ಎಣಿಸಲಿ. ಪುಸ್ತಕದಲ್ಲಿ ಓದಿದ ಪಾಠಕ್ಕಿಂತ ಆ ಒಂದು ಹಿಡಿ ಮಣ್ಣು ಅವರಿಗೆ ಹೆಚ್ಚು ಕಾಲ ನೆನಪಿರುತ್ತದೆ.